ಅಮ್ಮನ ರಕ್ತ ಹೇಳದ ಮಾತು

ಮಾನ್ಯ ಬಾಲವಾಚಕರೇ, ತಮ್ಮ ಅಮೂಲ್ಯ ಸಮಯದ ಕಿಂಚಿತ್ ಭಾಗವನ್ನು, ಊರೂರು ಅಲೆಯುವ ನನ್ನ ಜೊತೆ, ಬ್ರೆಜಿಲಿನ ಕುರಿಟಿಬಾ ನಗರದ ಆಸ್ಪತ್ರೆಯೊಂದರಲ್ಲಿ ಕಳೆಯಲು ಕೃಪೆಮಾಡಬೇಕು.

“ಶೀತ, ಕೆಮ್ಮು ಏನಾದ್ರೂ ಇತ್ತಾ?” ರಿಪೋರ್ಟಿನಿಂದ ತಲೆಯೆತ್ತದೆ ಕೇಳಿದರು ಡಾಕ್ಟರ್ ವಾಂದಾ.

“ಏನೂ ಇರ್ಲಿಲ್ಲ,” ಎಂದಳು ಪುಟ್ಟ ಜುಸ್ಸಾರಾಳ ಅಮ್ಮ.

ಜುಸ್ಸಾರಾ ಬೆಚ್ಚಿದಳು. ಸುಳ್ಳು! ಪರೀಕ್ಷೆಗೆ ರಕ್ತ ಕೊಟ್ಟ ದಿನ ಅಮ್ಮನ ಗಂಟಲು ಕಟ್ಟಿತ್ತಲ್ಲ!

ಅಮ್ಮನ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡಿ ತೆಗೆದಿದ್ದರು. ಅದು ಮರಳಿ ಬಂದೀತೇ ಎಂಬುದರ ಸುಳಿವನ್ನು ಈಗ ರಕ್ತದಲ್ಲಿ ಹುಡುಕುತ್ತಿದ್ದರು.

“ಹಾಗಾದ್ರೆ ರಕ್ತದ ಈ ಅಂಕಿ ಏರಿರೋದು ಸರಿಯಿಲ್ಲ. ಔಷಧಿ ಜಾಸ್ತಿ ಮಾಡ್ಬೇಕಾಗ್ಬಹುದು,” ಎಂದರು ಡಾಕ್ಟರ್.

ಪಕ್ಕದಲ್ಲಿದ್ದ ಜಿಲ್ದಾ ದೊಡ್ಡಮ್ಮ ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡಳು. ಅಲ್ಲಿನವರು ಒಂದೇ ಕೊಳವೆಯಿಂದ ಸರದಿಯಲ್ಲಿ ಹೀರುವ ಹಸಿರೆಲೆ ಕಷಾಯದ ಸೋರೆಬುರುಡೆ ಮನೆಯವರೆಲ್ಲರ ಕೈಗೆ ಸುತ್ತುವಾಗ, ಸೋಂಕು ತಗಲದಂತೆ ಅಮ್ಮನಿಗೆ ಬೇರೆಯದೇ ಇರಬೇಕೆಂದು ಕಟ್ಟಪ್ಪಣೆ ಮಾಡಿದವಳು ಅವಳೇ. ಆದರೆ ರಕ್ತ ಕೊಡುವ ಮುಂಚಿನ ಭಾನುವಾರ ಜುಸ್ಸಾರಾ, ಮೂಗು ಸೋರುತ್ತಿದ್ದರೂ, ತಾನು ಹೀರಿದ ಬುರುಡೆಯನ್ನೇ ಅಮ್ಮನಿಗೆ ಕೊಟ್ಟಿದ್ದಳು.

“ಡಾಕ್ಟರ್ ಆಂಟಿ… ಅಮ್ಮಂಗೆ ಶೀತ ಆಗಿತ್ತು. ನನ್ನಿಂದಾನೇ. ನನ್ನ ಬುರುಡೇಲೇ ಕುಡಿಸ್ದೆ.”

“ಅಯ್ಯೋ ಹಂದಿಮರಿ! ಒಂದೇ ಕೊಳವೇಲಾ?” ದೊಡ್ಡಮ್ಮ ಸಿಡಿದಳು. “ಆ ಸಿಂಬಳದ ಮೂತಿ ಇಟ್ಕೊಂಡು?”

“ಬೈಯೋದು ಆಮೇಲಿರ್ಲಿ,” ಎಂದು ಡಾಕ್ಟರ್ ಕನ್ನಡಕ ತೆಗೆದರು. “ನೋಡು ಪುಟ್ಟಿ, ಈ ಅಂಕಿ ಶೀತಕ್ಕೂ ಏರತ್ತೆ, ಗಡ್ಡೆಗೂ ಏರತ್ತೆ. ಯಾವುದಕ್ಕೆ ಅಂತ ರಕ್ತ ಬಾಯಿಬಿಟ್ಟು ಹೇಳಲ್ಲ. ನೀನು ಹೇಳಿದ್ದು ಒಳ್ಳೇದಾಯ್ತು. ಶೀತ ಪೂರ್ತಿ ಹೋಗ್ಲಿ, ಇನ್ನೊಂದ್ಸಲ ಟೆಸ್ಟ್ ಮಾಡೋಣ.”

“ಆಗ ಅಂಕಿ ಇಳಿಯುತ್ತಾ?”

“ಇಳಿದ್ರೆ ಸಂತೋಷ. ಈಗ್ಲೇ ಮಾತು ಕೊಡೋಕಾಗಲ್ಲ.”

ದೊಡ್ಡಮ್ಮ ಗೊಣಗುತ್ತ ಕಾಫಿ ತರಲು ಹೋದಳು. ಹೊರಗಿನ ಬೆಂಚಿನಲ್ಲಿ ಜುಸ್ಸಾರಾ ಅಮ್ಮನನ್ನು ಕೇಳಿದಳು, “ಯಾಕೆ ಸುಳ್ಳು ಹೇಳ್ದೆ?”

“ನಿಂಗೆ ಬೈಗುಳ ಬೀಳತ್ತಲ್ಲ ಅಂತ.”

“ನಂಗೆ ಶೀತ ಇರೋದು ನಿಂಗೆ ಗೊತ್ತಿತ್ತಾ? ಮತ್ಯಾಕೆ ಕುಡಿದೆ?”

ಅಮ್ಮ ಅವಳ ಹಣೆಯ ಕೂದಲು ಸರಿಸಿದಳು. “ಆಪರೇಷನ್ ಆದ್ಮೇಲೆ ಎಲ್ಲರೂ ನಂಗೆ ಬೇರೆ ಬುರುಡೆ ಕೊಡ್ತಾರೆ ಕಣೇ. ನೀನೊಬ್ಳೇ ನಿಂದು ಕೊಟ್ಟೆ.”

ಜುಸ್ಸಾರಾ ಎದ್ದು ಹೋಗಿ ನರ್ಸ್ ಬಳಿ ಒಂದು ಮಾಸ್ಕ್ ಕೇಳಿ ತಂದಳು. ಅದನ್ನು ಮೂಗಿನ ಮೇಲೆ ಸರಿಯಾಗಿ ಎಳೆದುಕೊಂಡು, ಅಮ್ಮನಿಗೆ ಒತ್ತಿಕೊಂಡು ಕೂತಳು.

ಮರುಪರೀಕ್ಷೆಗೆ ಇನ್ನೂ ದಿನಗಳಿವೆ, ಕಾಯುವವರು ಅವರಿಬ್ಬರು. ನಾನು ಹೆಗಲಿಗೆ ಚೀಲ ಏರಿಸಿದೆ. ದಕ್ಷಿಣಕ್ಕೆ ಹೋಗುವ ನನ್ನ ಬಸ್ಸು ಹೊರಡುವ ಹೊತ್ತಾಯಿತು.