ಗೇಟ್ ಲಾಕ್ ತೆಗೆದ ಹೆಸರು

"ಅಳಿಸಿದ್ದು ಎಲ್ಲಿ ಹೋಗ್ತದ?"

ಸೂಗಪ್ಪ ಸಾಹುಕಾರ ಕೇಳಿದ್ದು ನನ್ನನ್ನಲ್ಲ. ತಗಡಿನ ಛಾವಣಿ ನೋಡುತ್ತ ಗಾಳಿಗೆ ಕೇಳಿದ.

ನನ್ನ ತಲೆ ಆಗ ಅವನ ಹತ್ತಿ ಪ್ರೆಸ್ಸಿನ ಬಾಯಿಯೊಳಗಿತ್ತು!

ಕುತ್ತಿಗೆ ಒತ್ತಿ ಹಿಡಿದವನು ಮಿಲ್ಲಿನ ಸೂಪರ್‌ವೈಸರ್ ಹಣಮೇಶ. ಮೇಲೆ ಕಬ್ಬಿಣದ ಭಾರ ಗುರುಗುಡುತ್ತಿತ್ತು. ಅದು ಇಳಿದರೆ ಕೋಣೆ ತುಂಬ ಹತ್ತಿ ಒತ್ತಿ ಬಿಗಿದ ಒಂದೇ ಮೂಟೆ, ಒಂದು ಬೇಲ್ ಆಗುತ್ತದೆ. ನಾನು ಏನಾಗುತ್ತೇನೆ... ನೀವೇ ಊಹಿಸಿಕೊಳ್ಳಿ.

ಹೋದ ವಾರ ಇದೇ ಬಾಯಿ ಹುಲಗಪ್ಪನ ಬಲಗೈ ತಿಂದಿತ್ತು.

ಪ್ರೆಸ್ಸಿನ ಗೇಟಿಗೆ ಒಂದು ಲಾಕ್ ಇದೆ. ಗೇಟ್ ತೆರೆದಿದ್ದರೆ ಭಾರ ಇಳಿಯಬಾರದು. ಆ ಲಾಕ್ ಅವತ್ತು ಆಫ್ ಆಗಿತ್ತು. ಈಗ ನನಗಾಗಿ ಮತ್ತೆ ಆಫ್ ಮಾಡಿದ್ದರು. ಹುಲಗಪ್ಪನೇ ನಿಯಮ ಮುರಿದು ಆಫ್ ಮಾಡಿದ ಎಂದು ಸಾಹುಕಾರ ಶಹಾಪುರಕ್ಕೆಲ್ಲ ಹೇಳಿಕೊಂಡು ಬಂದಿದ್ದ. ಮರುದಿನ ಯಾದಗಿರಿಯಿಂದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರುವವನಿದ್ದ. ಅವನೂ ಹಾಗೇ ಬರೆದುಕೊಂಡರೆ ಮುಗಿಯಿತು. ಕೈ ಹೋದವನೇ ಕಳ್ಳ.

ಇದರಲ್ಲಿ ನನಗೇನು ಕೆಲಸ?

ನಾನು ಡೇಟಾಬೇಸ್ ಹಾಕುವವನು. ಮಿಲ್ಲಿನಲ್ಲಿ ಯಾವ ಕೆಲಸ ಹೇಗೆ ಮಾಡಬೇಕು, ಯಾವ ಬಟನ್ ಯಾವಾಗ ಒತ್ತಬೇಕು... ಎಲ್ಲವನ್ನೂ ಸ್ಕ್ರೀನ್‌ಶಾಟ್ ಸಮೇತ ಇಡಲು ಒಂದು ಡೇಟಾಬೇಸ್ ಆರಿಸಿಕೊಡು ಎಂದಿದ್ದ ಸಾಹುಕಾರ. ಎರಡು ತೋರಿಸಿದ್ದೆ. ಒಂದರಲ್ಲಿ ಹೊಸ ಚಿತ್ರ ಬಂದರೆ ಹಳೆಯದು ಹೋಗುತ್ತದೆ. ಇನ್ನೊಂದರಲ್ಲಿ ಹಳೆಯದೂ ಉಳಿಯುತ್ತದೆ, ಬದಲಿಸಿದವರ ಹೆಸರೂ ಉಳಿಯುತ್ತದೆ. ಯಾವುದಾದರೂ ಹಾಕು ಎಂದು ಹೇಳಿ ಅವನು ಚಹಾಕ್ಕೆ ಎದ್ದು ಹೋಗಿದ್ದ.

ನಾನು ಎರಡನೆಯದನ್ನು ಹಾಕಿದೆ.

ನಮ್ಮ ಮಠದ ಭಜನೆಯಲ್ಲಿ ಪದ ತಪ್ಪಿದರೆ ಯಾರೂ ನುಂಗಿಕೊಳ್ಳುವುದಿಲ್ಲ. ಅದೇ ನುಡಿಯನ್ನು ಮತ್ತೆ ಎತ್ತಿ ಸರಿಯಾಗಿ ಹಾಡುತ್ತಾರೆ. ಕೂತವರು ತಪ್ಪನ್ನೂ ಕೇಳಿರುತ್ತಾರೆ, ಒಪ್ಪನ್ನೂ ಕೇಳಿರುತ್ತಾರೆ. ನಾನು ನಂಬುವ ಡೇಟಾಬೇಸ್ ಅದೊಂದೇ.

ಈಗ ಸಾಹುಕಾರನಿಗೆ ಒಂದು ಚಿತ್ರ ಅಳಿಸಬೇಕಿತ್ತು. ಲಾಕ್ ಆಫ್ ಇಟ್ಟುಕೊಂಡೇ ಪ್ರೆಸ್ ನಡೆಸಿ ಎಂದು ತೋರಿಸುವ ಚಿತ್ರ. ಸುಗ್ಗಿಯಲ್ಲಿ ಬೇಲ್ ಬೇಗ ಬೀಳಲಿ ಎಂದು ಅವನೇ ಹಾಕಿಸಿದ್ದು. ಹುಲಗಪ್ಪ ಅದನ್ನೇ ನೋಡಿ ಕೆಲಸ ಮಾಡಿದ್ದ. ಕೈ ಹೋದ ಮೇಲೆ ಸಾಹುಕಾರ ಹಳೆಯ, ಸರಿಯಾದ ಚಿತ್ರವನ್ನು ಮತ್ತೆ ಹಾಕಿಸಿದ. ನಡುವಿನದು ಮಾತ್ರ ಡೇಟಾಬೇಸಿನಿಂದ ಹೋಗಲಿಲ್ಲ.

"ಅಳಸ್ತೀಯೋ, ಇಳಸ್ಲೋ?" ಅಂದ ಹಣಮೇಶ.

"ಅದು ಅಳಸಾಕ ಬರಂಗಿಲ್ಲೋ ಮಾರಾಯ."

ಸುಳ್ಳು. ಬರುತ್ತದೆ. ಪಾಸ್‌ವರ್ಡ್ ನನ್ನ ತಲೆಯಲ್ಲಿತ್ತು. ತಲೆ ಪ್ರೆಸ್ಸಿನಲ್ಲಿತ್ತು.

ಹಣಮೇಶ ಬಟನ್‌ಗೆ ಕೈ ಚಾಚಿದ. ಭಾರ ಅಲುಗಿತು...

ಕರೆಂಟ್ ಹೋಯಿತು!

ಜೀವನವಿಡೀ ಬೈದಿದ್ದೆ ಆ ಕರೆಂಟಿಗೆ. ಅವತ್ತಿನಿಂದ ಬೈದಿಲ್ಲ.

ಮೊಣಕೈ ಹಿಂದಕ್ಕೆ ಬೀಸಿದೆ. ಹಣಮೇಶನ ಮೂಗು ಸಿಕ್ಕಿತು. ಹತ್ತಿ ರಾಶಿಯ ಮೇಲೆ ಉರುಳಿ, ಎದ್ದು, ಬೈಕ್ ಹತ್ತಿದೆ. ಸುರಪುರದ ದಾರಿ. ಹಿಂದೆಯೇ ಸಾಹುಕಾರನ ಜೀಪು. ಎದುರಿಗೆ ಹತ್ತಿ ಹೇರಿದ ಟ್ರ್ಯಾಕ್ಟರ್‌ಗಳ ಸಾಲು. ಕಾಲುವೆ ದಂಡೆಗೆ ಇಳಿದೆ. ದಂಡೆಯ ಮೇಲೆ ಬೈಕ್ ಹಿಡಿಸುತ್ತದೆ, ಜೀಪು ಹಿಡಿಸುವುದಿಲ್ಲ. ಬೈಗುಳ ಮಾತ್ರ ಬಹಳ ದೂರ ಬೆನ್ನು ಹತ್ತಿತು.

ಸುರಪುರದ ಆಸ್ಪತ್ರೆಯಲ್ಲಿ ಹುಲಗಪ್ಪ ಮಲಗಿದ್ದ. ಪಕ್ಕದಲ್ಲಿ ಹೆಂಡತಿ ಕರೆಮ್ಮ. ಫೋನಿನಲ್ಲಿ ಆ ಚಿತ್ರ ತೆರೆದು ತೋರಿಸಿದೆ, ಹೇಗೆ ನಡೆಯಿತೆಂದು ಬಿಡಿಸಿ ಹೇಳಿದೆ.

"ಅಂದ್ರ, ನಮ್ಮನಿಯವರ ತಪ್ಪಲ್ಲೇನಣ್ಣ?"

"ಅಲ್ಲವ್ವಾ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ, ಈ ಚಿತ್ರ ಹಾಕಿದ ಕೈ ಯಾರದು ಎಂದು ಕೇಳಿದಳು. ಅದನ್ನು ನಾನೂ ಅಲ್ಲಿವರೆಗೆ ನೋಡಿರಲಿಲ್ಲ. ಒತ್ತಿದೆ.

ಅಯ್ಯಪ್ಪ. ಮಿಲ್ಲಿನ ಆಫೀಸು ಗುಮಾಸ್ತ. ಕರೆಮ್ಮನ ಒಡಹುಟ್ಟಿದ ತಮ್ಮ!

ಹುಲಗಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಆಗಲೇ ಫೋನ್ ಬಂತು. ಸಾಹುಕಾರ. ದನಿಯಲ್ಲಿ ಬೆಲ್ಲ.

"ಹೆಸರು ನಾನೂ ಈಗ ನೋಡ್ದೆಪ. ಅಳಸಬ್ಯಾಡ, ಇರ್ಲಿ. ಅದ್ರಾಗ ನನ್ನ ಹೆಸರು ಎಲ್ಲದ?"

ಹೇಳಿದವನು ಸಾಹುಕಾರ. ಒತ್ತಿದವನು ಅಯ್ಯಪ್ಪ. ಬಾಯಿಮಾತಿಗೆ ಸ್ಕ್ರೀನ್‌ಶಾಟ್ ಇರುವುದಿಲ್ಲ.

ಕರೆಮ್ಮ ನನ್ನ ಕಾಲು ಹಿಡಿದಳು.

"ಚಿತ್ರ ಇರ್ಲಿ ಅಣ್ಣ. ಹೆಸರೊಂದು ತೆಗಿ. ಬರೋ ತಿಂಗಳ ಅವನ ಲಗ್ನ ಅದ."

ಹೆಸರಿಲ್ಲದ ಚಿತ್ರವನ್ನು ಯಾರೂ ನಂಬುವುದಿಲ್ಲ, ನಾನೇ ಹುಟ್ಟಿಸಿದ್ದೆಂದು ಸಾಹುಕಾರ ಹೇಳುತ್ತಾನೆ, ತಪ್ಪು ಮತ್ತೆ ನಿನ್ನ ಗಂಡನ ಮೇಲೆಯೇ ಬೀಳುತ್ತದೆ ಎಂದೆ. ಅವಳು ಕಾಲು ಬಿಡಲಿಲ್ಲ. ತೆಗೆಯಲು ಬರುವುದೇ ಇಲ್ಲವೆಂದು ಹೇಳಿಬಿಡೋಣ ಅನಿಸಿತು. ಅಷ್ಟರಲ್ಲಿ ಅವಳು ತಲೆ ಎತ್ತಿದಳು.

"ಇದನ್ನ ಮಾಡಿ ಇಟ್ಟವಗ ತೆಗಿಯಾಕ ಬರಲ್ದ ಇರ್ತದೇನಣ್ಣ?"

ಪ್ರೆಸ್ಸಿನ ಹತ್ತಿರ ಯಾರಿಗೂ ಹೊಳೆಯದ ಪ್ರಶ್ನೆ. ಅಲ್ಲಿ ಸುಳ್ಳು ಸಲೀಸಾಗಿ ಬಂದಿತ್ತು.

"ಬರ್ತದವ್ವಾ," ಅಂದೆ. "ನಾ ತೆಗಿಯಂಗಿಲ್ಲ."