ಹಸಿರು ನೀರಿನ ಪಂಚನಾಮೆ

ಆರನೇ ತಾರೀಕು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅಂತರ್ಜಲ ಸಂಶೋಧನಾ ಕೇಂದ್ರದ ಹಿರಿಯ ವಿಜ್ಞಾನಿ ಠಾಣೆಗೆ ಬಂದು, ಉಗ್ರಾಣದಲ್ಲಿದ್ದ ಎರಡು ಕಿಲೋ ಬಣ್ಣದ ಪುಡಿ ಕಳುವಾಗಿದೆ ಎಂದು ಲಿಖಿತ ದೂರು ಕೊಟ್ಟರು. ಅವರನ್ನು ಎಲ್ಲರೂ ಕರೆಯುತ್ತಿದ್ದುದು ಕಲ್ಲು ಮೇಡಂ ಎಂದು. ಮೂವತ್ತು ವರ್ಷ ಕೈಯಲ್ಲಿ ಸುತ್ತಿಗೆ ಹಿಡಿದು ಗುಡ್ಡ ಅಲೆದವರಿಗೆ ಬೇರೆ ಯಾವ ಹೆಸರು ತಾನೇ ಅಂಟೀತು?

ದೂರು ಓದುತ್ತಾ ಹೋದಂತೆ ಇನ್ಸ್‌ಪೆಕ್ಟರ್ ಮುಖ ಅರಳಿತು. ಡಬ್ಬಿಯ ಎತ್ತರ, ಅಗಲ, ತೂಕ, ತಯಾರಿಕೆಯ ಸಂಖ್ಯೆ, ಅದನ್ನಿಟ್ಟಿದ್ದ ಕಪಾಟು ಬಾಗಿಲಿನಿಂದ ಎಷ್ಟು ಅಡಿ ಎಷ್ಟು ಅಂಗುಲ ಎಂಬುದೆಲ್ಲ ಅದರಲ್ಲಿತ್ತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇಂಥ ದೂರುದಾರರು ಸಿಕ್ಕಿರಲಿಲ್ಲ. ಮನೆಗೆ ಕನ್ನ ಬಿದ್ದವರೂ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಬೆನ್ನ ಹಿಂದೆ ಈ ಇನ್ಸ್‌ಪೆಕ್ಟರಿಗೂ ಒಂದು ಹೆಸರಿತ್ತು: ಪಂಚನಾಮೆ ಸಾಹೇಬ್ರು. ಹಿಂದಿನ ವರ್ಷ ಇದೇ ಕೇಂದ್ರದಲ್ಲಿ ಸೈಕಲ್ ಪಂಪೊಂದು ಕಳುವಾದಾಗ ಅವರು ಬರೆದ ಆರು ಪುಟದ ಪಂಚನಾಮೆಯನ್ನು ನೆನೆಸಿಕೊಂಡು ಕಾನ್‌ಸ್ಟೇಬಲ್‌ಗಳು ಇನ್ನೂ ನಗುತ್ತಿದ್ದರು.

“ಇದು ವಿಷಾನಾ?” ಇನ್ಸ್‌ಪೆಕ್ಟರ್ ಕೇಳಿದರು.

“ಅಲ್ಲ. ಕಣ್ಣಿನ ಡಾಕ್ಟರು ಇದನ್ನ ಕಣ್ಣಿಗೇ ಹಾಕಿ ನೋಡ್ತಾರೆ.”

“ನಿಮಗೆ ಏನಕ್ಕೆ ಬೇಕಿತ್ತು?”

“ನೆಲದೊಳಗೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ತಿಳ್ಕೊಳ್ಳೋಕೆ. ಇಲ್ಲಿ ಸುರಿದರೆ, ನೀರು ಹೊರಗೆ ಬರೋ ಜಾಗದಲ್ಲಿ ಹಸಿರಾಗಿ ಕಾಣುತ್ತೆ.”

ಹತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಉಳಿದಿರುವ ಇನ್ನೊಂದು ಡಬ್ಬಿಗೆ ಪೊಲೀಸರೇ ಅರಗಿನ ಮೊಹರು ಹಾಕಿ ಇಟ್ಟುಕೊಂಡರೆ ಹೋಲಿಸಿ ನೋಡಲು ಅನುಕೂಲ ಎಂದು ಮೇಡಂ ಸೂಚಿಸಿದಾಗ, ಇನ್ಸ್‌ಪೆಕ್ಟರಿಗೆ ಅವರನ್ನು ಠಾಣೆಗೇ ವರ್ಗ ಮಾಡಿಸಿಕೊಳ್ಳಬೇಕು ಎನಿಸಿತು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದುದು ಬೇರೆಯೇ ಮಾತು. ಸುಣ್ಣಕಲ್ಲಿನ ಗುಡ್ಡದ ಮೇಲೆ ಕೆಲಸ ನಿಂತುಹೋದ ಕ್ವಾರಿಯೊಂದಿತ್ತು. ಇನ್ನು ಮುಂದೆ ಇಡೀ ಪಟ್ಟಣದ ಕಸವನ್ನು ಅಲ್ಲಿ ಸುರಿಯಬೇಕೆಂದು ತೀರ್ಮಾನವಾಗುವುದರಲ್ಲಿತ್ತು. ಹತ್ತೊಂಬತ್ತನೇ ತಾರೀಕು ಸೋಮವಾರ ಹನ್ನೊಂದು ಗಂಟೆಗೆ ಕೊನೆಯ ವಿಚಾರಣೆ. ಗುಡ್ಡದ ಪಶ್ಚಿಮಕ್ಕೆ, ಜೌಗಿನ ಅಂಚಿನಲ್ಲಿ ಕೆಳಗಿನ ಬಡಾವಣೆ; ಅಲ್ಲಿನ ಮುನ್ನೂರು ಮನೆಯವರು ಕುಡಿಯುವುದು ಒರತೆಯ ನೀರು. ಕಸದ ರಸ ತಮ್ಮ ಕೊಡಕ್ಕೆ ಇಳಿದೀತು ಎಂದು ಅವರು ಅರ್ಜಿಯ ಮೇಲೆ ಅರ್ಜಿ ಕೊಟ್ಟಿದ್ದರು. ಪ್ರತಿ ಸಲವೂ ಅಧಿಕಾರಿಗಳು ಇಪ್ಪತ್ತೆರಡು ವರ್ಷ ಹಳೆಯ ಭೂವಿಜ್ಞಾನದ ನಕ್ಷೆಯೊಂದನ್ನು ಬಿಡಿಸಿ ಅದರಲ್ಲಿನ ಬಾಣವನ್ನು ತೋರಿಸುತ್ತಿದ್ದರು. ಬಾಣ ಪೂರ್ವಕ್ಕಿತ್ತು. ಕ್ವಾರಿಯ ನೀರು ಪೂರ್ವದ ಮೂರು ಒರತೆಗಳಿಗೆ ಹೋಗುತ್ತದೆ, ಆ ಕಡೆ ಮನೆಗಳೇ ಇಲ್ಲ, ನೀವು ಸುಮ್ಮನೆ ಹೆದರುತ್ತಿದ್ದೀರಿ ಎಂದು ಹೇಳಿ ಕಳಿಸುತ್ತಿದ್ದರು.

ಠಾಣೆಯ ದಫೇದಾರರ ಮನೆಯೂ ಅದೇ ಬಡಾವಣೆಯಲ್ಲಿತ್ತು. ಕ್ವಾರಿ ನಡೆಯುತ್ತಿದ್ದ ಕಾಲದಲ್ಲಿ ಒರತೆಯ ನೀರು ಎಷ್ಟೋ ಸಲ ಬೆಳ್ಳಗೆ ಬರುತ್ತಿತ್ತು, ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಅವರ ಹೆಂಡತಿ ಎಲ್ಲ ಕಚೇರಿಗಳಲ್ಲೂ ಹೇಳಿದ್ದಳು. ನಿನ್ನ ಕಣ್ಣಿಗಿಂತ ನಕ್ಷೆ ದೊಡ್ಡದಮ್ಮ ಎಂದು ಒಬ್ಬ ಗುಮಾಸ್ತ ಅಂದಿದ್ದ. ಅಂದಿನಿಂದ ಅವಳು ಗಂಡನ ಮೇಲೂ ಮುನಿಸಿಕೊಂಡಿದ್ದಳು, ಅವನೂ ಸರ್ಕಾರಿ ನೌಕರನೇ ಎಂಬ ಒಂದೇ ಕಾರಣಕ್ಕೆ.

ಮಧ್ಯಾಹ್ನ ಹನ್ನೆರಡೂವರೆಗೆ ಕೇಂದ್ರದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇರುತ್ತಿದ್ದುದು ಯಾರು ಬೇಕಾದರೂ ಎಳೆಯಬಹುದಾದ ಮೇಜಿನ ಖಾನೆಯಲ್ಲಿ. ಪುಡಿ ಒಣಗಿದ್ದಾಗ ಇಟ್ಟಿಗೆಯ ಬಣ್ಣ, ನೀರು ತಾಕಿದರೆ ಮಾತ್ರ ಹಸಿರು ಎಂದು ಕೇಳಿ ತಿಳಿದ ಇನ್ಸ್‌ಪೆಕ್ಟರಿಗೆ ಒಂದು ಉಪಾಯ ಹೊಳೆಯಿತು. ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಬಿಳಿ ಬೇಸಿನ್ನಿನಲ್ಲಿ ಕೈ ತೊಳೆಸಿದರು. ದಿನವೂ ಅದೇ ಪುಡಿಯ ನಡುವೆ ಓಡಾಡುವ ಹನ್ನೊಂದು ಜನರಲ್ಲಿ ಹನ್ನೊಂದು ಜನರ ಕೈಯಿಂದಲೂ ಗಿಣಿಹಸಿರು ನೀರು ಇಳಿಯಿತು. ಆಗತಾನೇ ಇನ್ನೊಂದು ಡಬ್ಬಿಗೆ ಮೊಹರು ಹಾಕಿ ಬಂದಿದ್ದ ದಫೇದಾರರ ಕೈಯದು ಎಲ್ಲರದಕ್ಕಿಂತ ಕಡು ಹಸಿರಾಗಿತ್ತು. ಇನ್ಸ್‌ಪೆಕ್ಟರ್ ಒಂದಿಷ್ಟೂ ನಗದೆ ಅದನ್ನೂ ಬರೆದುಕೊಂಡರು.

ಏಳನೇ ತಾರೀಕು ಕ್ವಾರಿಯ ದಾರಿಯಲ್ಲಿ ಇಟ್ಟಿಗೆ ಬಣ್ಣದ ಚುಕ್ಕೆಗಳಿವೆ ಎಂದು ಕಾನ್‌ಸ್ಟೇಬಲ್ ಒಬ್ಬಳು ಸುದ್ದಿ ತಂದಳು. ಚುಕ್ಕೆಗಳ ಜೊತೆಗೆ ಭಾರದ ಗಾಡಿಯ ಚಕ್ರದ ಗುರುತೂ ಇತ್ತು. ಎರಡೂ ಹೋಗಿ ನಿಂತದ್ದು ಕ್ವಾರಿಯ ತಳದಲ್ಲಿ, ಮಳೆನೀರನ್ನು ಸದ್ದಿಲ್ಲದೆ ನುಂಗುವ ಒಂದು ಬಿಲದ ಬಾಯಲ್ಲಿ. ಖಾಲಿ ಡಬ್ಬಿ ಪಕ್ಕದಲ್ಲೇ ಬಿದ್ದಿತ್ತು. ಹನ್ನೊಂದು ನಲವತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಲಾಯಿತು.

“ಕದ್ದು ತಂದು ಬಿಲಕ್ಕೆ ಸುರಿದು ಹೋಗಿದ್ದಾನೆ ಸಾರ್,” ದಫೇದಾರರು ತಲೆ ಕೆರೆದುಕೊಂಡರು. “ಕಳ್ಳತನದ ಗಂಧಗಾಳಿ ಇಲ್ಲದೋನು.”

ವಿಷಯ ತಿಳಿಸಿದಾಗ ಮೇಡಂ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, “ಹಾಗಾದರೆ ಕಳುವಿನ ಮಾಲು ಈಗ ನೆಲದೊಳಗೆ ನಡೀತಾ ಇದೆ ಸಾರ್. ಹೊರಗೆ ಬರೋ ಜಾಗದಲ್ಲಿ ಕಾದು ಹಿಡೀಬೇಕು,” ಅಂದರು. ಪೂರ್ವದ ಮೂರು ಒರತೆಗಳ ಜೊತೆಗೆ ಪಶ್ಚಿಮದ ಒಂದನ್ನೂ ನೋಡಿದರೆ ಒಳ್ಳೆಯದು, ಪೊಲೀಸರು ಯಾವ ದಿಕ್ಕನ್ನೂ ಬಿಡುವುದಿಲ್ಲವಲ್ಲ ಎಂದು ಸೇರಿಸಿದರು. ಸಂಜೆಗೆ ಕೇಂದ್ರದಿಂದ ನಲವತ್ತು ಕಂದು ಗಾಜಿನ ಶೀಷೆಗಳು ಬಂದವು. ಪ್ರತಿಯೊಂದರ ಮೇಲೂ ಅಚ್ಚುಕಟ್ಟಾದ ಚೀಟಿ: ದಿನಾಂಕ, ಸಮಯ, ಸ್ಥಳ, ಪಂಚರ ಸಹಿ, ಪೊಲೀಸ್ ಮೊಹರಿನ ಸಂಖ್ಯೆ. ಇನ್ಸ್‌ಪೆಕ್ಟರ್ ಚೀಟಿಗಳನ್ನು ಎರಡೆರಡು ಸಲ ಸವರಿ ನೋಡಿ ಸಂತೋಷಪಟ್ಟರು.

ಎಂಟರಿಂದ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ನಾಲ್ಕು ಒರತೆ, ನಾಲ್ಕು ಶೀಷೆ, ಎಂಟು ಸಹಿ. ಪಕ್ಕದ ಠಾಣೆಯವರು ಫೋನ್ ಮಾಡಿ, ನೀರೇನಾದರೂ ತಪ್ಪೊಪ್ಪಿಕೊಂಡಿತಾ ಎಂದು ವಿಚಾರಿಸತೊಡಗಿದರು. ಕಾನ್‌ಸ್ಟೇಬಲ್‌ಗಳು ಮೂಗು ಮುರಿದರು. ಆದರೆ ಇನ್ಸ್‌ಪೆಕ್ಟರ್ ಮಾತ್ರ ಎಳ್ಳಷ್ಟೂ ಸಡಿಲ ಬಿಡಲಿಲ್ಲ. ಹದಿಮೂರನೇ ತಾರೀಕು ಒಂದು ಶೀಷೆಯ ಮೊಹರು ಸೊಟ್ಟಗಿದೆ ಎಂದು ದಫೇದಾರರನ್ನು ಇನ್ನೊಮ್ಮೆ ಗುಡ್ಡ ಸುತ್ತಿಸಿದರು. ಪೂರ್ವದ ನೀರೂ ತಿಳಿ, ಪಶ್ಚಿಮದ ನೀರೂ ತಿಳಿ. ಒಂಬತ್ತು ದಿನ ಹೀಗೇ ಕಳೆಯಿತು.

ಹದಿನೇಳನೇ ತಾರೀಕು, ಶನಿವಾರ, ಬೆಳಿಗ್ಗೆ ಆರು ಐವತ್ತಕ್ಕೆ ಠಾಣೆಯ ಫೋನ್ ರಿಂಗಾಯಿತು. ದಫೇದಾರರ ಹೆಂಡತಿ. ಗಂಡನನ್ನು ಕೇಳಲೇ ಇಲ್ಲ, ನೇರವಾಗಿ ಇನ್ಸ್‌ಪೆಕ್ಟರಿಗೇ ಕೊಡಿ ಅಂದಳು.

“ನಮ್ಮ ಬಕೆಟ್ಟು ಹಸಿರಾಗಿದೆ ಸಾರ್. ನಾನು ಮುಟ್ಟಿಲ್ಲ. ಪಕ್ಕದ ಮನೆ ಅತ್ತಿಗೇನ ಕಾವಲಿಗೆ ನಿಲ್ಲಿಸಿದೀನಿ. ನಕ್ಷೆ ಇಟ್ಕೊಂಡು ಕೂತಿದಾರಲ್ಲ, ಅವರನ್ನೂ ಕರ್ಕೊಂಡು ಬನ್ನಿ.”

ಜೀಪು ಹೋದಾಗ ಬಡಾವಣೆಗೆ ಬಡಾವಣೆಯೇ ಬೀದಿಯಲ್ಲಿತ್ತು. ಒರತೆಯ ನೀರು ಬೆಳಗಿನ ಬಿಸಿಲಲ್ಲಿ ಹಸಿರಾಗಿ ಹೊಳೆಯುತ್ತಾ ಕಾಲುವೆಗುಂಟ ಜೌಗಿಗೆ ಇಳಿಯುತ್ತಿತ್ತು. ಅಲ್ಲಿ ನಿಂತಿದ್ದ ಕೊಕ್ಕರೆಗಳು ಮೊಣಕಾಲುದ್ದ ಹಸಿರಿನಲ್ಲಿ ನಿಂತು, ಏನೂ ಆಗಿಲ್ಲವೆಂಬಂತೆ ಮೀನು ಹುಡುಕುತ್ತಿದ್ದವು. ಕುಡಿದರೆ ಅಪಾಯವಿಲ್ಲವೆಂದು ಕೇಂದ್ರದವರು ಧ್ವನಿವರ್ಧಕದಲ್ಲಿ ಸಾರಿದರೂ ಬಡಾವಣೆಗೆ ಎರಡು ದಿನ ಹೊರಗಿನ ನೀರು ತರಿಸುವ ಏರ್ಪಾಡನ್ನು ಇನ್ಸ್‌ಪೆಕ್ಟರ್ ಮಾಡಿದರು. ಪೂರ್ವದ ಮೂರು ಒರತೆಗಳು ಎಂದಿನಂತೆ ತಿಳಿಯಾಗಿಯೇ ಇದ್ದವು. ನಲವತ್ತನೆಯ ಶೀಷೆಗೆ ಏಳು ನಲವತ್ತಕ್ಕೆ ಮೊಹರು ಬಿತ್ತು.

ಮಾಲು ಸಿಕ್ಕಿತ್ತು, ಕಳ್ಳ ಸಿಕ್ಕಿರಲಿಲ್ಲ. ಇನ್ಸ್‌ಪೆಕ್ಟರ್ ಹದಿನೆಂಟನೇ ತಾರೀಕು ನಲವತ್ತು ಶೀಷೆಗಳನ್ನೂ ಮೇಜಿನ ಮೇಲೆ ಜೋಡಿಸಿಕೊಂಡು ಕೂತರು. ಚೀಟಿಗಳ ಮೇಲೆ ಕಣ್ಣಾಡಿಸಿ ಖುಷಿಪಡುವುದೇ ಮುಖ್ಯ ಉದ್ದೇಶವಾಗಿತ್ತು. ಆಗಲೇ ಒಂದು ಚೀಟಿಯ ಕೆಳ ಅಂಚಿನಲ್ಲಿ, ಅಚ್ಚುಮನೆಯವರು ಹಾಕುವ ಇರುವೆಯಷ್ಟು ಸಣ್ಣ ಸಾಲು ಅವರ ಕಣ್ಣಿಗೆ ಬಿತ್ತು: ನಮೂನೆ ಹದಿನಾಲ್ಕು, ನಲವತ್ತು ಪ್ರತಿ, ಮತ್ತು ಮುದ್ರಣದ ದಿನಾಂಕ, ಕಳೆದ ತಿಂಗಳ ಇಪ್ಪತ್ತೆಂಟು.

ಕಳುವಾದದ್ದು ಈ ತಿಂಗಳು. ಅದಕ್ಕೂ ಒಂದು ವಾರ ಮೊದಲೇ ಪೊಲೀಸ್ ಮೊಹರಿನ ಸಂಖ್ಯೆಗೆ ಜಾಗ ಬಿಟ್ಟು ಚೀಟಿ ಅಚ್ಚು ಹಾಕಿಸಿದವರು ಯಾರು? ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಒಂದು ಕ್ಷಣದ ನಂತರ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಅವರಿಗೆ ನಗುವೂ ಬಂತು.

ಚಕ್ರದ ಗುರುತಿನ ಜಾಡು ಹಿಡಿದು ಪೊಲೀಸರು ಹುಡುಕುತ್ತಿದ್ದ ನೀರಿನ ಟ್ಯಾಂಕರಿನ ಚಾಲಕ, ಅಕ್ಕನ ಊರಿಗೆ ಹೋಗಿದ್ದವನು, ಅದೇ ಸಂಜೆ ವಾಪಸಾಗಿದ್ದ. ಅವನು ಏನನ್ನೂ ಮುಚ್ಚಿಡಲಿಲ್ಲ. ಐದನೇ ತಾರೀಕು ಸೋಮವಾರ ನಾಲ್ಕು ಗಂಟೆಗೆ ಟೋಪಿ ಹಾಕಿದ ಹೆಂಗಸೊಬ್ಬರು ಬಿಲದೊಳಗೆ ಏನೋ ಕೆಂಪು ಪುಡಿ ಸುರಿದು, ಅದರ ಮೇಲೆ ಆರು ಸಾವಿರ ಲೀಟರ್ ನೀರು ಬಿಡಿಸಿದರಂತೆ. ತೋಟವಿಲ್ಲ, ತೊಟ್ಟಿಯಿಲ್ಲ, ತೂತಿಗೆ ಯಾಕಮ್ಮ ನೀರು ಎಂದು ಕೇಳಿದ್ದಕ್ಕೆ, ಸಾಲ ಇದೆಯಪ್ಪಾ ತೀರಿಸ್ತಾ ಇದೀನಿ ಅಂದರಂತೆ. ಕೇಂದ್ರದ ಸಿಬ್ಬಂದಿಯ ಫೋಟೊದಲ್ಲಿ ಅವನು ಬೆರಳಿಟ್ಟದ್ದು ಕಲ್ಲು ಮೇಡಂ ಮೇಲೆ.

ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಮೇಡಂ ಠಾಣೆಗೆ ಬಂದು ಕೂತರು. ಇನ್ಸ್‌ಪೆಕ್ಟರ್ ಒಂದು ಶೀಷೆಯನ್ನು ಅವರ ಮುಂದಿಟ್ಟು ಚೀಟಿಯ ಅಂಚನ್ನು ತೋರಿಸಿದರು.

“ಇದನ್ನ ಅಚ್ಚು ಹಾಕಿಸಿದ್ದು ಯಾರು?”

“ನಾನೇ.”

“ಪುಡಿ ಸುರಿದದ್ದು?”

“ಅದೂ ನಾನೇ. ಆ ಸಣ್ಣ ಸಾಲನ್ನ ಓದೋರು ಲೋಕದಲ್ಲಿ ಇದಾರೆ ಅಂತ ನನಗೆ ಗೊತ್ತಿರಲಿಲ್ಲ ಸಾರ್.”

“ಹನ್ನೆರಡು ದಿನ ನನ್ನ ಠಾಣೆಯನ್ನ ನಿಮ್ಮ ಪ್ರಯೋಗಶಾಲೆ ಮಾಡ್ಕೊಂಡ್ರಿ.”

“ಹೌದು. ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ನಿಯತ್ತಾಗಿ ಮಾದರಿ ತಂದುಕೊಟ್ಟ ಸಹಾಯಕರು ಸಿಕ್ಕಿಲ್ಲ. ಸೈಕಲ್ ಪಂಪಿನ ಪಂಚನಾಮೆ ಓದಿದ ದಿನವೇ ಅಂದ್ಕೊಂಡೆ, ಈ ಕೆಲಸ ಆದರೆ ಇವರಿಂದಲೇ ಆಗಬೇಕು ಅಂತ.”

ಬೈಸಿಕೊಳ್ಳಬೇಕಾದವರು ಹೊಗಳಿಬಿಟ್ಟರೆ ಮುಂದೇನು ಮಾಡಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಇನ್ಸ್‌ಪೆಕ್ಟರ್, ಪ್ರಯೋಗ ಮಾಡುವುದಿದ್ದರೆ ಅನುಮತಿ ಕೇಳಬಹುದಿತ್ತಲ್ಲ ಅಂದರು. ಮೇಡಂ ನಾಲ್ಕು ಸಲ ಕೇಳಿದ್ದಾಗಿತ್ತು. ಬಾಣ ತಪ್ಪಿರಬಹುದು, ಕ್ವಾರಿಯಲ್ಲಿ ಬಣ್ಣ ಬಿಟ್ಟು ನೋಡಲು ಬಿಡಿ ಎಂದು ಬರೆದಾಗಲೆಲ್ಲ ಒಂದೇ ಉತ್ತರ: ನಕ್ಷೆ ಆಗಲೇ ಇರುವುದರಿಂದ ಪ್ರಯೋಗದ ಅಗತ್ಯವಿಲ್ಲ. ಕೊನೆಯ ಪತ್ರದಲ್ಲಿ, ಅಂಥ ದೊಡ್ಡ ವಿಜ್ಞಾನಿಯ ನಕ್ಷೆಯನ್ನು ಅನುಮಾನಿಸಲು ತಾವು ಯಾರು ಎಂದೂ ಕೇಳಿದ್ದರು. ನಕ್ಷೆ ಬರೆದ ಆ ದೊಡ್ಡ ವಿಜ್ಞಾನಿ ಕಲ್ಲು ಮೇಡಮ್ಮೇ ಆಗಿದ್ದರು.

“ಕದ್ದು ಪ್ರಯೋಗ ಮಾಡಿ ನಾನೇ ನೀರು ತಂದು ತೋರಿಸಿದ್ದರೆ, ಮುದುಕಿ ಶೀಷೆಗೆ ಬಣ್ಣ ಬೆರೆಸಿದಾಳೆ ಅಂತಿದ್ದರು. ಪೊಲೀಸ್ ಮೊಹರಿಗೆ ಹಾಗನ್ನೋಕೆ ಆಗಲ್ಲ.”

ಇನ್ಸ್‌ಪೆಕ್ಟರ್ ಲೆಕ್ಕ ಹಾಕಿದರು. ಸುರಿದವರು ಯಾರೇ ಆಗಿರಲಿ, ನಲವತ್ತು ಶೀಷೆಗಳಲ್ಲಿ ಒಂದನ್ನೂ ತುಂಬುವಾಗ ಈಕೆ ಹತ್ತಿರ ಸುಳಿದಿರಲಿಲ್ಲ. ಎಂಬತ್ತು ಸಹಿಗಳೂ ನೆಟ್ಟಗಿದ್ದವು. ಸುಳ್ಳು ದೂರು ಮತ್ತು ಕೇಂದ್ರದ ಸ್ವತ್ತಿನ ಕಳವಿನ ಆರೋಪದ ಮೇಲೆ ಹತ್ತು ಗಂಟೆ ಐದು ನಿಮಿಷಕ್ಕೆ ಅವರು ಮೇಡಮ್ಮನ್ನು ಬಂಧಿಸಿದರು. ಹತ್ತು ಹತ್ತಕ್ಕೆ ಶೀಷೆಗಳ ಪೆಟ್ಟಿಗೆ, ಕಡತ, ಚಾಲಕನ ಹೇಳಿಕೆ, ಬಂಧನದ ವರದಿ ಎಲ್ಲವನ್ನೂ ದಫೇದಾರರ ಕೈಗೆ ಕೊಟ್ಟು ವಿಚಾರಣೆಯ ಸಭೆಗೆ ಕಳಿಸಿದರು. ಏನನ್ನೂ ಮುಚ್ಚಿಡಬೇಡಿ, ಕೇಳಿದ್ದಕ್ಕೆಲ್ಲ ಸಮಯ ಸಮೇತ ಹೇಳಿ ಎಂದು ತಾಕೀತು ಮಾಡಿದರು.

ಅಷ್ಟರಲ್ಲಿ ದಫೇದಾರರ ಹೆಂಡತಿ ಜಾಮೀನು ನಿಲ್ಲುತ್ತೇನೆಂದು ಠಾಣೆಗೆ ಬಂದಳು. ಗಂಡನ ಠಾಣೆಯ ಆರೋಪಿಗೆ ಹೆಂಡತಿ ಜಾಮೀನು ನಿಲ್ಲಬಹುದೇ ಎಂದು ಇನ್ಸ್‌ಪೆಕ್ಟರ್ ಅರ್ಧ ಗಂಟೆ ಪುಸ್ತಕ ತಿರುವಿ ಹಾಕಿದರು. ಕೂಡದು ಎಂದು ಎಲ್ಲೂ ಇರಲಿಲ್ಲ.

ಹನ್ನೆರಡು ನಲವತ್ತಕ್ಕೆ ದಫೇದಾರರ ಫೋನ್ ಬಂತು. ಒಂದೂವರೆ ಗಂಟೆ ಶೀಷೆ ಶೀಷೆಯ ಮೇಲೂ ವಾದ ನಡೆದು, ಕೊನೆಗೆ ಸಮಿತಿ ಪೊಲೀಸ್ ದಾಖಲೆಯನ್ನು ಒಪ್ಪಿ ಕ್ವಾರಿಯ ಪ್ರಸ್ತಾವವನ್ನು ಕೈಬಿಟ್ಟಿತ್ತು. ದಫೇದಾರರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಡಂ ಮಾತ್ರ ಒಂದು ಹಾಳೆ, ಪೆನ್ಸಿಲ್ ಕೇಳಿ ಇಸಿದುಕೊಂಡು ಲೆಕ್ಕ ಬಿಡಿಸತೊಡಗಿದರು. ಇನ್ನೂರ ಎಪ್ಪತ್ತೊಂಬತ್ತು ಗಂಟೆ, ಬಿಲದಿಂದ ಒರತೆಗೆ ಎರಡೂ ಮುಕ್ಕಾಲು ಕಿಲೋಮೀಟರ್ ಚಿಲ್ಲರೆ, ಗಂಟೆಗೆ ಹತ್ತು ಮೀಟರ್. ಗುಡ್ಡದ ಹೊಟ್ಟೆಯಲ್ಲಿ ನೀರು ನಡೆದ ವೇಗ ನೋಡಿ ಅವರು ಮಗುವಿನ ಹಾಗೆ ನಕ್ಕರು.

ಇನ್ಸ್‌ಪೆಕ್ಟರ್ ಕೇಸ್ ಡೈರಿಯ ಕೊನೆಯ ಕಲಂ ತುಂಬುತ್ತಿದ್ದರು. ಆರೋಪಿಯ ಉದ್ದೇಶ ಎಂಬಲ್ಲಿ, ಸಾರ್ವಜನಿಕರ ಹಿತದೃಷ್ಟಿಯಿಂದ ಎಂದು ಬರೆದು ಓದಿ ಹೇಳಿದರು. ಮೇಡಂ ನಗು ನಿಲ್ಲಿಸಿದರು.

“ಅದನ್ನ ಹೊಡೆದು ಹಾಕಿ ಸಾರ್. ಸತ್ಯ ಅದಲ್ಲ. ಆ ನಕ್ಷೆಯ ಕೊನೇ ದಿನ ಪಶ್ಚಿಮದ ಇಳಿಜಾರು ಒಂದೇ ನಡೆಯೋದು ಬಾಕಿ ಇತ್ತು. ತುಂಬಾ ಮುಳ್ಳು. ನನ್ನ ಚಪ್ಪಲಿ ಬೇರೆ ಕಿತ್ತುಹೋಯ್ತು. ಮರದ ನೆರಳಲ್ಲಿ ಕೂತು, ನೀರು ಪೂರ್ವಕ್ಕೇ ಹೋಗುತ್ತೆ ಬಿಡು ಅಂತ ಬಾಣ ಬರೆದೆ. ಅದು ಪುಸ್ತಕದಲ್ಲಿ ಬಂತು, ನನಗೆ ಬಹುಮಾನ ಬಂತು. ಇಪ್ಪತ್ತೆರಡು ವರ್ಷ ಹೊಗಳಿಸಿಕೊಂಡಿದೀನಿ, ಇನ್ನೊಂದು ಸುಳ್ಳು ಹೊಗಳಿಕೆ ಬೇಡ.”

ಇನ್ಸ್‌ಪೆಕ್ಟರ್ ಬರೆದದ್ದನ್ನು ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಹೊಸದಾಗಿ ಬರೆದು ಹಾಳೆಯನ್ನು ಅವರ ಕಡೆಗೆ ತಿರುಗಿಸಿದರು. ಮೇಡಂ ಕನ್ನಡಕ ಏರಿಸಿಕೊಂಡು ಓದಿದರು: “ಉದ್ದೇಶ: ಇಪ್ಪತ್ತೆರಡು ವರ್ಷದ ಹಿಂದೆ ಚಪ್ಪಲಿ ಕಿತ್ತುಹೋದ ಕಾರಣ ನಡೆಯದೆ ಬಿಟ್ಟಿದ್ದ ಎರಡೂ ಮುಕ್ಕಾಲು ಕಿಲೋಮೀಟರನ್ನು ನಡೆದು ಮುಗಿಸುವುದು.”

ಅವರು ಎರಡು ಸಲ ಓದಿದರು. ಸರಿಯಾಗಿದೆ ಎಂದು ಹೇಳಿ, ಒತ್ತಿ ಸಹಿ ಹಾಕಿದರು.