ಚಿರೋಟಿಯ ತಾಯಿಯನ್ನು ನೋಡಲು

"ಸ್ವಲ್ಪ ಆ ಕಡೆ ಕೂತ್ಕೊಳ್ತೀರಾ ಮೇಡಂ? ನಿಮ್ಮ ನಾಯಿ ಕಜ್ಜಿ ನಮ್ಮದಕ್ಕೆ ಹತ್ಕೊಳ್ಳುತ್ತೆ."

ಜಯನಗರದ ಪ್ರಾಣಿಗಳ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಿದ್ದ ಜ್ಯೋತ್ಸ್ನಾ ತಲೆಯೆತ್ತಿದಳು. ಮಾತಾಡಿದವನ ತೊಡೆಯ ಮೇಲೂ ಒಂದು ಪಗ್ ಮರಿಯಿತ್ತು. ಅದರ ಕಣ್ಣ ಸುತ್ತ ಒಂದೇ ಒಂದು ಕೂದಲಿರಲಿಲ್ಲ.

"ನಿಮ್ಮದೇನು, ಬ್ಯೂಟಿ ಪಾರ್ಲರ್‌ಗೆ ಅಂತ ಬಂದಿದ್ಯಾ?"

ಅವನು ನಕ್ಕ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಜ್ಯೋತ್ಸ್ನಾ ಅದನ್ನು ಗಮನಿಸಿದಳು. ಗಮನಿಸಿದ್ದಕ್ಕೆ ತನ್ನ ಮೇಲೆಯೇ ರೇಗಿಕೊಂಡಳು.

ಅವಳ ಮರಿ ಚಿರೋಟಿಯನ್ನೂ ಅವನ ಮರಿ ಬೋಂಡಾನನ್ನೂ ಪರೀಕ್ಷಿಸಿದ ಡಾಕ್ಟರು ಹೇಳಿದ್ದು ಒಂದೇ ಮಾತು. "ಇದು ಹತ್ಕೊಳ್ಳೋ ಕಾಯಿಲೆ ಅಲ್ಲ. ಚರ್ಮದ ಈ ಗುಣ ಹೆತ್ತವರಿಂದ ಬರುತ್ತೆ. ಮರಿಗಳಿಗೆ ವಾಸಿಯಾಗುತ್ತೆ, ಯೋಚನೆ ಬೇಡ. ಆದ್ರೆ ತಾಯಿಗೂ ಇದ್ರೆ ಅದಕ್ಕೆ ಇನ್ನು ಮರಿ ಹಾಕಿಸಬಾರದು."

ವಿಚಾರಿಸಿಕೊಂಡರೆ ಎರಡೂ ಜರಗನಹಳ್ಳಿಯಲ್ಲಿ ನಾಯಿಮರಿ ಮಾರುವ ಚಿಕ್ಕಬೈರಪ್ಪನ ಮನೆಯ ಒಂದೇ ಸೂಲಿನ ಮರಿಗಳು. ರಟ್ಟಿನ ಡಬ್ಬದಲ್ಲಿ ಅವು ಮನೆಬಾಗಿಲಿಗೇ ಬಂದಿದ್ದರಿಂದ ಇಬ್ಬರೂ ಆತನ ಮುಖ ನೋಡಿರಲಿಲ್ಲ. ಫೋನ್ ಮಾಡಿ ದೂರಿದಾಗ ಆತ ಜ್ಯೋತ್ಸ್ನಾಳಿಗೆ "ನಿಮ್ಮ ಮನೆ ಕ್ಲೀನಿಲ್ಲ ಮೇಡಂ" ಎಂದಿದ್ದ. ಬೋಂಡಾನ ಯಜಮಾನ ವಿಶ್ರುತನಿಗೆ "ತಾಯಿ ಸತ್ತೋಯ್ತು ಸಾರ್" ಎಂದಿದ್ದ. ಆದರೆ ಆನ್‌ಲೈನಿನಲ್ಲಿ ಅದೇ ತಾಯಿಯ ಫೋಟೊ ಹಾಕಿ ಮುಂದಿನ ಸೂಲಿಗೆ ಬುಕಿಂಗ್ ತೆರೆದಿದ್ದ.

"ಹೊಸ ಗಿರಾಕಿ ಥರ ಹೋಗಿ ತಾಯಿನ ನೋಡ್ಬಿಡೋಣ," ಎಂದ ವಿಶ್ರುತ್. "ಹೊಸದಾಗಿ ಮದುವೆ ಆದೋರು ಅಂದ್ರೆ ಯಾರಿಗೂ ಅನುಮಾನ ಬರಲ್ಲ."

"ಅಣ್ಣ ತಂಗಿ ಅಂದ್ರೆ ಆಗಲ್ವಾ?"

"ಅದು ಬೇಡ," ಎಂದ, ತುಸು ಬೇಗನೇ.

ಭಾನುವಾರ ಚಿಕ್ಕಬೈರಪ್ಪ ಅವರನ್ನು ಸೋಫಾದಲ್ಲಿ ಕೂರಿಸಿ ಮುಂದಿನ ಸೂಲಿನ ಮರಿಗಳ ಗುಣಗಾನ ಮಾಡಿದ. ತಾಯಿ ಎಲ್ಲಿ ಎಂದರೆ, ಟೆರೇಸಿನ ಮೇಲಿದೆ, ಹೊಸಬರನ್ನು ಕಂಡರೆ ಕಚ್ಚುತ್ತದೆ ಎಂದ. ಅಷ್ಟರಲ್ಲಿ ಅವನ ಹೆಂಡತಿ ನಾರಾಯಣಮ್ಮ ಮಜ್ಜಿಗೆ ಕೊಟ್ಟು, ಕುಂಕುಮದ ಬಟ್ಟಲು ಹಿಡಿದು ಬಂದರು.

"ತಗೊಳವ್ವ, ಹೊಸ ಮದುಮಗಳು. ತಾಳಿಗೂ ಇಟ್ಕೋ."

ಜ್ಯೋತ್ಸ್ನಾಳ ಕೈ ಖಾಲಿ ಕೊರಳಿಗೆ ಹೋಗಿ ಅಲ್ಲೇ ನಿಂತಿತು. ವಿಶ್ರುತ್ ನೆರವಿಗೆ ಬಂದ.

"ಅದು ಕಿತ್ತೋಯ್ತು ಆಂಟಿ."

"ಬಿಡ್ತು ಅನ್ನಪ್ಪ." ನಾರಾಯಣಮ್ಮ ಬಟ್ಟಲನ್ನು ಎದೆಗವಚಿಕೊಂಡರು. "ಕಟ್ಟಿದ ಗಂಡನ ಬಾಯಲ್ಲಿ ಬರೋ ಮಾತಾ ಅದು?"

ದೇವರು ದಿಂಡರನ್ನು ಜ್ಯೋತ್ಸ್ನಾ ಅಷ್ಟಾಗಿ ನಂಬಿದವಳಲ್ಲ. ಆದರೂ ಆ ಮುದುಕಿಯ ಗಾಬರಿಗೊಂಡ ಮುಖ ನೋಡುತ್ತ ಇನ್ನೊಂದು ಸುಳ್ಳು ಪೋಣಿಸಲು ಅವಳಿಂದಾಗಲಿಲ್ಲ.

"ಕಟ್ಟಿಲ್ಲ ಆಂಟಿ. ಇವರು ನನ್ನ ಗಂಡ ಅಲ್ಲ. ನಿಮ್ಮನೆ ಮರಿ ತಗೊಂಡು ಕ್ಲಿನಿಕ್ಕಿಗೆ ಅಲೀತಿರೋರು ನಾವು. ತಾಯಿ ಮೈ ಹೆಂಗಿದೆ ಅಂತ ನೋಡೋಕೆ ಬಂದ್ವಿ."

ಚಿಕ್ಕಬೈರಪ್ಪ ಎದ್ದು ನಿಂತ. "ಓಹೋ. ಸುಳ್ಳು ಹೇಳ್ಕೊಂಡು ಮನೆಯೊಳಗೆ ಬಂದು ನನ್ನ ನಿಯತ್ತು ಅಳೀತೀರಾ? ನಿಮ್ಮಿಬ್ಬರ ಹತ್ರ ಒಂದಾದ್ರೂ ನಿಜ ಇದ್ಯೇನ್ರೀ?"

"ನನ್ನ ಹತ್ರ ಒಂದಿದೆ ಸಾರ್," ಎಂದ ವಿಶ್ರುತ್. ಮಾತು ಚಿಕ್ಕಬೈರಪ್ಪನಿಗೆ, ನೋಟ ನೆಲಕ್ಕೆ. "ಗಂಡ ಹೆಂಡ್ತಿ ಅನ್ನೋ ನಾಟಕ ಬೇಕಿರ್ಲಿಲ್ಲ. ನಾನೊಬ್ನೇ ಬರಬಹುದಿತ್ತು. ಇವರ ಜೊತೆ ಅರ್ಧ ದಿನ ಕಳೀಬಹುದಲ್ಲ ಅಂತ ಹಂಗೆ ಪ್ಲಾನ್ ಮಾಡ್ದೆ."

ಜ್ಯೋತ್ಸ್ನಾಳ ಕಿವಿ ಬಿಸಿಯಾಯಿತು. ಅವಳು ಮಜ್ಜಿಗೆ ಕುಡಿದಳು. ಲೋಟ ಖಾಲಿಯಾದ ಮೇಲೂ ಕುಡಿದಳು.

"ಹುಡುಗ್ರು ತಮ್ಮದು ಒಪ್ಕೊಂಡ್ರು," ಎಂದರು ನಾರಾಯಣಮ್ಮ ಗಂಡನಿಗೆ. "ಈಗ ನಿಮ್ದು."

ಹಾಗೆಂದು ತಾವೇ ಮೇಲೆ ಹೋಗಿ ತಾಯಿಯನ್ನು ಎತ್ತಿಕೊಂಡು ಬಂದರು. ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೊಂದು ಕೆಂಪು ಸ್ವೆಟರ್. ಬಿಚ್ಚಿದರೆ ಬೆನ್ನಿನ ತುಂಬ ಬೋಳು ಮಚ್ಚೆಗಳು. ಕಚ್ಚುವುದಿರಲಿ, ಅದು ಜ್ಯೋತ್ಸ್ನಾಳ ಕೈ ನೆಕ್ಕಿತು.

"ಮರಿಗಳಿಗೂ ಹಿಂಗಾಗುತ್ತೆ ಅಂತ ಗೊತ್ತಿತ್ತಾ?" ಎಂದಳು.

ಚಿಕ್ಕಬೈರಪ್ಪ ನಾಯಿಯ ತಲೆ ಸವರಿದ. "ಗೊತ್ತಿತ್ತು. ಹೋದ ಸೂಲಲ್ಲೂ ಹಿಂಗೇ ಆಗಿತ್ತು." ಬಿಚ್ಚಿದ ಸ್ವೆಟರ್ ಮಡಚುತ್ತ ಕೇಳಿದ, "ಮರಿ ಆಗದಂಗೆ ಆಪರೇಷನ್ ಮಾಡ್ತಾರಲ್ಲ, ನಿಮ್ಮ ಡಾಕ್ಟ್ರು ಮಾಡ್ತಾರಾ?"

ಬುಕಿಂಗ್ ಮಾಡಿದವರಿಗೆಲ್ಲ ಅವನು ಅಲ್ಲೇ ಫೋನ್ ಮಾಡಿದ. ಮರಿ ಯಾಕಿಲ್ಲ ಎಂಬುದನ್ನೂ ಬಿಡಿಸಿ ಹೇಳುವ ತನಕ ನಾರಾಯಣಮ್ಮ ಪಕ್ಕದಿಂದ ಏಳಲಿಲ್ಲ.

ಇಬ್ಬರೂ ಕನಕಪುರ ರಸ್ತೆಗೆ ನಡೆದು ಬಂದರು.

"ನಮ್ಮ ವಂಶದ್ದೂ ಈಗ್ಲೇ ಹೇಳ್ಬಿಡ್ತೀನಿ," ಎಂದ ವಿಶ್ರುತ್. "ತಾತ, ಅಪ್ಪ, ದೊಡ್ಡಪ್ಪ, ಎಲ್ಲರೂ ಮೂವತ್ತೈದಕ್ಕೆ ಬೋಳು."

"ಗೊತ್ತು. ಹಿಂದಿನಿಂದ ನೋಡಿದೀನಿ. ಶುರುವಾಗಿದೆ."

ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. "ನಿಮ್ಮ ಕಡೆ ಏನು?"

"ಕೋಪ. ಅಜ್ಜಿಯಿಂದ ಬಂದಿದ್ದು. ಔಷಧಿ ಇಲ್ಲ."

"ಅದು ಕ್ಲಿನಿಕ್ಕಿನ ಬೆಂಚಲ್ಲೇ ಗೊತ್ತಾಯ್ತು. ಆದ್ರೂ ಬಂದೆ."

ಆ ಹುಬ್ಬು ಮತ್ತೆ ಮೇಲೇರಿತ್ತು. ಈ ಸಲ ಜ್ಯೋತ್ಸ್ನಾ ಸಾವಕಾಶವಾಗಿ, ಸಂಕೋಚವಿಲ್ಲದೆ ನೋಡಿದಳು.

"ಮರಿ ತಗೊಳ್ಳುವಾಗ ತಾಯಿನ ನೋಡ್ಲಿಲ್ಲ. ಅದೇ ತಪ್ಪು ಎರಡನೇ ಸಲ ಮಾಡಲ್ಲ," ಎಂದಳು. "ಮುಂದಿನ ಭಾನುವಾರ ನಿಮ್ಮಮ್ಮ ಮನೇಲಿರ್ತಾರಾ?"

ವಿಶ್ರುತ್ ಆಗಲೇ ರಸ್ತೆಗಿಳಿದು, ಎರಡೂ ಕೈ ಬೀಸಿ ಒಂದು ಆಟೋ ನಿಲ್ಲಿಸಿದ್ದ.

"ಅಣ್ಣ, ಕತ್ರಿಗುಪ್ಪೆ ಬರ್ತೀರಾ? ನಮ್ಮಮ್ಮನ ಮನೆಗೆ. ಈಗ್ಲೇ."